ಮೂರನೇ ಮಹಡಿಯ ಸೌತೆಬಳ್ಳಿ

ಹರಿಣಾಕ್ಷಿ ಮೊಣಕೈವರೆಗೆ ಕೈಯನ್ನು ಗೊಬ್ಬರದ ಗುಂಡಿಯೊಳಗೆ ಇಳಿಸಿ, ಕಣ್ಣು ಮುಚ್ಚಿ ಕೂತಿದ್ದಾರೆ. ಡಿಸೆಂಬರಿನ ಬೆಳಗಿನ ಜಾವ. ಮುಂಬಯಿ ಪಕ್ಕದ ಡೊಂಬಿವಲಿಯಲ್ಲೂ ಚಳಿ ಎಂಬುದೊಂದು ಇದೆ ಎಂದು ಒಪ್ಪಿಕೊಳ್ಳಬೇಕಾದ ಕೆಲವೇ ದಿನಗಳಲ್ಲಿ ಇದೂ ಒಂದು. ಕಟ್ಟಡದ ಹಿಂಬದಿಯಲ್ಲಿ ಇರುವುದು ಒಂದೇ ಟ್ಯೂಬ್‌ಲೈಟು, ಅದೂ ಮಿಣುಕುತ್ತಿದೆ. ಎಡಬದಿಯ ರೈಲ್ವೆ ಗೋಡೆಯಾಚೆ ಠಾಕುರ್ಲಿ ಕಡೆಯಿಂದ ಬಂದ ಲೋಕಲ್ ರೈಲು ನೆಲ ನಡುಗಿಸಿ ಹೋಗುತ್ತದೆ. ಅದು ಹೋದ ಮೇಲೂ ಗುಂಡಿಯಿಂದ ಆವಿ ಏಳುತ್ತಲೇ ಇದೆ.

"ಮೈ ಬಿಸಿ ಉಂಟು," ಎನ್ನುತ್ತಾರೆ, ಮಗುವಿನ ಹಣೆ ಮುಟ್ಟಿ ನೋಡಿದವರ ಹಾಗೆ. "ಒಳಗೆ ಕೆಲಸ ನಡೀತಾ ಉಂಟು. ನೀವೂ ಕೈ ಹಾಕಿ ನೋಡಿ ಮಾರಾಯ್ರೆ, ಕಚ್ಚುದಿಲ್ಲ."

ಹಾಕುತ್ತೇನೆ. ಬಾಡಿದ್ದು, ಕೊಳೆತದ್ದು, ಉಂಡು ಬಿಟ್ಟದ್ದು ಎಲ್ಲ ಸೇರುವ ಜಾಗ ಇಷ್ಟೊಂದು ಬೆಚ್ಚಗಿರುತ್ತದೆ ಎಂದು ಯಾರೂ ನನಗೆ ಹೇಳಿರಲಿಲ್ಲ. ಕೈ ತೆಗೆದು ಪ್ಯಾಂಟಿಗೆ ಒರೆಸಿಕೊಳ್ಳುವಷ್ಟರಲ್ಲಿ ಅವರು ನನ್ನ ತೋಳು ಹಿಡಿದು ಗೋಡೆ ಕಡೆಗೆ ಎಳೆಯುತ್ತಾರೆ. ಮೂರನೇ ಮಹಡಿಯತ್ತ ಒಮ್ಮೆ ನೋಡಿ, ತಲೆ ತಗ್ಗಿಸಿ ನಿಲ್ಲುತ್ತಾರೆ. ಏನೂ ಆಗುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಗುಂಡಿಯ ಹತ್ತಿರ ಕೂರುತ್ತಾರೆ.

"ಎಂತ ಇಲ್ಲ, ಅಭ್ಯಾಸ. ಈ ಹೊತ್ತಿಗೆ ಮೇಲಿಂದ ಬೀಳ್ತಿತ್ತು," ಎನ್ನುತ್ತಾರೆ.

ಏನು ಬೀಳುತ್ತಿತ್ತು, ಯಾರು ಎಸೆಯುತ್ತಿದ್ದರು ಎಂಬುದೇ ಈ ಬರಹದ ಅರ್ಧ ಕಥೆ. ನಾನು ಬಂದದ್ದು ದೆವ್ವದ ಕಥೆ ಕೇಳುವುದಕ್ಕಲ್ಲ, ಗೊಬ್ಬರದ ಕಥೆ ಬರೆಯುವುದಕ್ಕೆ. ಸುಗಂಧಾ ಸೊಸೈಟಿ ಎಂಬ ಈ ವಸತಿ ಕಟ್ಟಡದ ಅಡಿಗೆಮನೆಗಳಲ್ಲಿ ಹುಟ್ಟುವ ಹಸಿ ಕಸ, ಅಂದರೆ ಇಲ್ಲಿಯವರ ಬಾಯಲ್ಲಿ 'ಓಲಾ ಕಚರಾ', ಗೇಟು ದಾಟಿ ಹೊರಗೆ ಹೋಗುವುದಿಲ್ಲ. ಎಲ್ಲ ಈ ಹೆಂಗಸಿನ ಕೈಗೆ ಬರುತ್ತದೆ. ಬಾಗಿಲ ಮುಂದಿಟ್ಟ ಬಕೆಟುಗಳನ್ನು ಇಳಿಸಿ, ನಿಂಬೆ ಸಿಪ್ಪೆಯ ಜೊತೆ ಜಾರಿಬಂದ ಚಮಚವನ್ನು ಆಯ್ದು ವಾಪಸು ಕೊಟ್ಟು, ರೈಲ್ವೆ ಗೋಡೆ ಬದಿ ಗುಡಿಸಿ ತಂದ ಒಣ ಎಲೆಯನ್ನು ಪದರ ಪದರವಾಗಿ ಹಾಸಿ, ಹುಳಿ ಮಜ್ಜಿಗೆ ಚಿಮುಕಿಸಿ, ಕೋಲಿನಲ್ಲಿ ಮಗುಚುತ್ತಾರೆ. ತಿಂಗಳೆರಡು ಕಳೆದರೆ ಕಪ್ಪು ಹುಡಿ ಮಣ್ಣು. ಮಳೆ ಬಿದ್ದ ನೆಲದ ವಾಸನೆ. ಅದನ್ನು ಮನೆಮನೆಗೆ ಹಂಚುತ್ತಾರೆ. ಈಗ ಸೊಸೈಟಿಯ ಬಾಲ್ಕನಿಗಳಲ್ಲಿ ಬಸಳೆ ಇದೆ, ಮೆಂತೆ ಇದೆ, ಮಕ್ಕಳು ಕುಂಡದಿಂದಲೇ ಟೊಮೆಟೊ ಕಿತ್ತು ತಿನ್ನುತ್ತಾರೆ.

ಹರಿಣಾಕ್ಷಿಯ ಊರು ಉಡುಪಿ ಹತ್ತಿರದ ಕಟಪಾಡಿ. ಗಂಡ ವಿಠಲ ಠಾಣೆ ನಗರದ ನೌಪಾಡಾದಲ್ಲಿ ಒಂದು ವೆಜ್ ಹೊಟೇಲಿನ ಅಡಿಗೆಭಟ್ಟರಾಗಿದ್ದರು. ಲಾಕ್‌ಡೌನಿನಲ್ಲಿ ಹೊಟೇಲು ಮುಚ್ಚಿತು, ಮತ್ತೆ ತೆರೆಯಲೇ ಇಲ್ಲ. ಹೊಗೆ ಕುಡಿದ ಶ್ವಾಸಕೋಶ ಅಷ್ಟರಲ್ಲಿ ಕೈಕೊಟ್ಟಿತ್ತು. ಈಗ ವಿಠಲ ಹಿಂದಿನ ಚಾಳಿನ ಒಂದೇ ಕೋಣೆಯ ಮನೆಯಲ್ಲಿ ಕೂತು, ಹೆಂಡತಿ ಹೊರಡುವ ಮುಂಚೆ ಚಹಾ ಮಾಡಿ ಕೊಡುತ್ತಾರೆ. ಅಷ್ಟು ಮಾಡಿದರೆ ಏದುಸಿರು. "ಇವಳು ಮನೆಗೆ ಬಂದ್ರೆ ಮಣ್ಣಿನ ವಾಸನೆ. ನಾನು ಬಂದ್ರೆ ಸಾಂಬಾರಿನ ವಾಸನೆ ಬರ್ತಿತ್ತು. ಮಣ್ಣೇ ಒಳ್ಳೇದು," ಎಂದು ನಗುತ್ತಾರೆ.

ಕೆಲಸ ಬೇಕೇಬೇಕಿತ್ತು, ಗುಂಡಿಯ ಕೆಲಸ ಸಿಕ್ಕಿತು, ಹಿಡಿದರು. ಆದರೆ ಹಿಡಿದ ದಿನವೇ ಒಬ್ಬ ಗೆಳತಿಯನ್ನು ಕಳೆದುಕೊಂಡರು.

ಮೂರನೇ ಮಹಡಿಯ ರತ್ನಾವತಿ. ಅವರ ಗಂಡನೂ ಅದೇ ನೌಪಾಡಾದ ಹೊಟೇಲಿನಲ್ಲಿ ಗಲ್ಲೆಯ ಮೇಲೆ ಕೂತು ಬಿಲ್ಲಿನ ಹಣ ತೆಗೆದುಕೊಳ್ಳುತ್ತಿದ್ದವರು. ಇಬ್ಬರು ಹೆಂಗಸರೂ ಒಂದೇ ಬಸ್ಸಿನಲ್ಲಿ ಊರಿಗೆ ಹೋಗಿ ಬಂದವರು. ಮಳೆಗಾಲದ ಆಟಿ ತಿಂಗಳು ಬಂದರೆ ಇವರ ಪತ್ರೊಡೆ ಮೇಲಕ್ಕೆ, ಅವರ ಸೌತೆಕಾಯಿ ಹುಳಿ ಕೆಳಕ್ಕೆ. ಇಬ್ಬರು ಕೂತರೆ ತುಳುವಿನಲ್ಲಿ ಹೊತ್ತು ಹೋದದ್ದೇ ಗೊತ್ತಾಗುತ್ತಿರಲಿಲ್ಲವಂತೆ. ಹರಿಣಾಕ್ಷಿ ಮೊದಲ ದಿನ ಬಕೆಟು ಕೇಳಲು ಹೋದಾಗ ರತ್ನಾವತಿ ಬಾಗಿಲು ಅರ್ಧವೇ ತೆರೆದರು.

"'ನಮ್ಮ ಊರಿನವಳಾಗಿ ಊರವರ ಎಂಜಲಿಗೆ ಕೈ ಹಾಕ್ತೀಯಾ? ನಾಳೆ ನಾನು ಯಾರಿಗೆ ಮುಖ ತೋರಿಸ್ಲಿ?' ಅಂತ ಕೇಳಿದ್ರು ರತ್ನಕ್ಕ," ಎನ್ನುವಾಗ ಹರಿಣಾಕ್ಷಿಯ ಕೋಲು ನಿಲ್ಲುತ್ತದೆ. "ಬೇರೆಯವರು ಬೈದ್ರೆ ಬಿಡ್ತಿದ್ದೆ. ಅವರು ಹೇಳಿದ್ದು ಹೊಟ್ಟೆಗೆ ತಾಗಿತು. ಈಗ್ಲೂ ಉಂಟು ಅಲ್ಲೇ."

ಆಮೇಲೆ ರತ್ನಾವತಿ ಮಾತು ಬಿಟ್ಟರು. ಬಕೆಟು ಇಡಲೇ ಇಲ್ಲ. ದಿನಾ ಬೆಳಗಿನ ಜಾವ ಅಡಿಗೆಮನೆಯ ಹಿಂಬದಿ ಕಿಟಕಿಯಿಂದ ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿದ ಕಸ ಧೊಪ್ಪೆಂದು ಗುಂಡಿಯ ಪಕ್ಕಕ್ಕೆ ಬೀಳುತ್ತಿತ್ತು. ಹರಿಣಾಕ್ಷಿ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದರು, ಬಿದ್ದ ಮೇಲೆ ಗಂಟು ಬಿಚ್ಚುತ್ತಿದ್ದರು, ಪ್ಲಾಸ್ಟಿಕ್ ತೊಳೆದು ಒಣಗಿಸುತ್ತಿದ್ದರು. ವರ್ಷಗಟ್ಟಲೆ ಇಬ್ಬರ ನಡುವಿನ ಮಾತುಕತೆ ಅಂದರೆ ಅದೊಂದು ಸದ್ದು. ಕಳೆದ ಮೇ ತಿಂಗಳಲ್ಲಿ ರತ್ನಾವತಿ ತೀರಿಕೊಂಡರು. ಹರಿಣಾಕ್ಷಿ ಮೇಲೆ ಹತ್ತಲಿಲ್ಲ, ಕೆಳಗೆ ಲಿಫ್ಟಿನ ಹತ್ತಿರ ನಿಂತು ಕೈ ಮುಗಿದರು. ಅವತ್ತು ಅತ್ತಿರಾ ಎಂದು ಕೇಳುತ್ತೇನೆ. "ಅಳದೆ? ಎರಡು ದಿನ ಊಟ ಸೇರಲಿಲ್ಲ," ಎನ್ನುತ್ತಾರೆ.

ಇನ್ನು ಮುಂದಿನದನ್ನು ನಾನು ಕೇಳಿದ್ದು ರತ್ನಾವತಿಯ ಸೊಸೆ ನಿಶ್ಮಿತಾಳಿಂದ. ಡೊಂಬಿವಲಿಯಲ್ಲೇ ಹುಟ್ಟಿದವಳು, ಐರೋಲಿಯಲ್ಲಿ ಆಫೀಸು. ಅತ್ತೆ ಹೋದ ಮೇಲೆ ಮನೆಯನ್ನೇ ಹಸಿರು ಮಾಡಲು ಹೊರಟಳು. ಪಾತ್ರೆಗೆ ಅಂಟುವಾಳ, ಮಗುವಿಗೆ ಕಡಲೆಹಿಟ್ಟಿನ ಸ್ನಾನ, ಸಾಮಾನಿಗೆ ಬಟ್ಟೆ ಚೀಲ, ಕಸಕ್ಕೆ ಹಸಿರು ಬಕೆಟು. ಆಟಿ ಬಂತು. ತೀರಿಹೋದವರಿಗೆ ಎಲೆ ಹಾಕಿ ಬಡಿಸುವುದು ತುಳುವರ ಪದ್ಧತಿ. ಎಲೆ ತುಂಬ ಅವರಿಗಿಷ್ಟದ್ದನ್ನೆಲ್ಲ ಬಡಿಸಿ, ದೀಪ ಇಟ್ಟು, ಅವರು ಉಣ್ಣಲಿ ಎಂದು ಬಾಗಿಲು ಮುಚ್ಚಿ ಹೊರಗೆ ಕೂರುತ್ತಾರೆ. ಆಮೇಲೆ ಬಾಗಿಲು ತಟ್ಟಿ ಒಳಗೆ ಹೋಗುತ್ತಾರೆ. ಎಲೆಯನ್ನು ಕಾಗೆಗೆ ಇಡುತ್ತಾರೆ.

"ಕಾಗೆಗೆ ಎಲ್ಲಿ ಇಡುದು ಹೇಳಿ? ಅತ್ತೆ ಹೋದ ಮೇಲೆ ಕಿಟಕಿಗೆಲ್ಲ ಪಾರಿವಾಳ ಬಾರದ ಹಾಗೆ ಜಾಲಿ ಹಾಕ್ಸಿದ್ದೇವೆ. ಟೆರೇಸಿಗೆ ಬೀಗ. ಪೃಥ್ವಿರಾಜ್‌ಗೆ ಲೋಕಲ್ ಟೈಮ್ ಆಗಿತ್ತು, 'ಛೋಡ್ ನಾ', ಬಿಟ್ಬಿಡು ಅಂದ್ರು," ಎನ್ನುತ್ತಾಳೆ. ಪೃಥ್ವಿರಾಜ್ ಅವಳ ಗಂಡ, ರತ್ನಾವತಿಯ ಮಗ. "ಅನ್ನ ಪ್ಲಾಸ್ಟಿಕ್ಕಿಗೆ ಹಾಕ್ಲಿಕ್ಕೆ ಮನಸ್ಸು ಬರಲಿಲ್ಲ. ಮಣ್ಣಿಗೇ ಹೋಗ್ಲಿ ಅಂತ ಎಲೆ ಸಮೇತ ಮಡಚಿ ಓಲಾ ಬಕೆಟಿಗೆ ಹಾಕಿದೆ. ಅಚ್ಛಾ ಹೀ ಕಿಯಾ, ಒಳ್ಳೇದೇ ಮಾಡಿದೆ ಅಂದ್ಕೊಂಡೆ."

ಹರಿಣಾಕ್ಷಿ ಬಕೆಟಿನ ಮುಚ್ಚಳ ತೆಗೆದರು. ಯಾರೂ ಮುಟ್ಟದ ಪೂರ್ತಿ ಊಟ, ಪಕ್ಕದಲ್ಲಿ ನಂದಿದ ಬತ್ತಿ. ನೋಡಿದ ಕೂಡಲೇ ಗೊತ್ತಾಯಿತು. ಓಡಿ ಮೇಲೆ ಹೋದರೆ ಬಾಗಿಲಿಗೆ ಬೀಗ.

"ಎಲ್ಲಿಗೆ ಇಡ್ಲಿ? ಬೇರೆ ಕಡೆ ಎಸೆಯುದಾ? ನನ್ನ ಗುಂಡಿಗೇ ಹಾಕಿದೆ, ಮೇಲೆ ಒಣ ಎಲೆ ಮುಚ್ಚಿದೆ. ಬದುಕಿರುವಾಗ ಒಂದು ಸಿಪ್ಪೆಯನ್ನೂ ಕೈಗೆ ಕೊಡದವರು, ಸತ್ತ ಮೇಲೆ ಎಲೆಯೇ ಕಳಿಸಿದ್ರಲ್ಲ ಅಂತ ಅನಿಸಿತು."

ನವರಾತ್ರಿಗೆ ಆ ಗೊಬ್ಬರ ಮನೆಮನೆಗೆ ಹೋಯಿತು. ಎರಡು ವಾರ ಕಳೆಯುವಷ್ಟರಲ್ಲಿ ಎಲ್ಲ ಬಾಲ್ಕನಿಗಳಲ್ಲೂ ಒಂದೇ ಬಗೆಯ ಮೊಳಕೆ. ಬಸಳೆಯ ಬುಡದಲ್ಲಿ, ಗುಲಾಬಿಯ ಕುಂಡದಲ್ಲಿ, ತುಳಸಿಕಟ್ಟೆಯಲ್ಲಿ. ಯಾರೂ ಬಿತ್ತದ ಸೌತೆ. ಊರಿನ ಸಾಂಬಾರು ಸೌತೆ! ಕಿತ್ತರೆ ಮತ್ತೆ ಬಂತು. ಅದಾದರೂ ಇರಲಿ, ಬಳ್ಳಿಗಳು ತಮ್ಮ ಪಾಡಿಗೆ ಹಬ್ಬಲಿಲ್ಲ. ಮುಂದಿನ ಬಾಲ್ಕನಿಯ ಬಳ್ಳಿ ಗೋಡೆಯ ಮೂಲೆ ಸುತ್ತಿ, ನೀರಿನ ಪೈಪು ಹಿಡಿದು ಹಿಂಬದಿಗೆ ಬಂತು. ಮೇಲಿನ ಮಹಡಿಯದು ಕೆಳಗಿಳಿಯಿತು. ಕೆಳಗಿನದು ಮೇಲೇರಿತು. ಎಲ್ಲವೂ ಹೊರಟದ್ದು ಒಂದೇ ಕಡೆಗೆ, ಮೂರನೇ ಮಹಡಿಯ ಆ ಅಡಿಗೆಮನೆಯ ಕಿಟಕಿಗೆ.

ನನಗೂ ಒಂದಿಷ್ಟು ಓದು ಉಂಟಲ್ಲ, ಬಿಡುತ್ತೇನೆಯೇ? ಎಲೆಗೆ ಬಡಿಸಿದ ಹುಳಿಗೆಂದು ಕೊರೆದ ಸೌತೆಯ ತಿರುಳು ಅದೇ ಬಕೆಟಿನ ತಳದಲ್ಲಿ ಇದ್ದಿರಬೇಕು, ಬಳ್ಳಿ ಬಿಸಿಲಿನ ಕಡೆಗೆ ಹೋಗುತ್ತದೆ, ಇಷ್ಟೇ ತಾನೇ ಎಂದು ಹೇಳಿ ನೋಡುತ್ತೇನೆ. ಹರಿಣಾಕ್ಷಿ ನನ್ನನ್ನು ಪಾಪ ಎಂಬಂತೆ ನೋಡುತ್ತಾರೆ.

"ತಿರುಳು ಇತ್ತು, ಇಲ್ಲ ಅಂತ ಹೇಳುದಿಲ್ಲ. ಆದ್ರೆ ನನ್ನ ಗುಂಡಿಯ ಬಿಸಿ ನೋಡಿದ್ರಲ್ಲ? ಅದ್ರಲ್ಲಿ ಬೀಜ ಉಳಿಯುದಿಲ್ಲ ಮಾರಾಯ್ರೆ. ಇಷ್ಟು ವರ್ಷದಲ್ಲಿ ಒಂದು ಟೊಮೆಟೊ ಬೀಜ ತಾನಾಗಿ ಮೊಳೆಯಲಿಲ್ಲ. ಮತ್ತೆ ಬಿಸಿಲಾ? ಆ ಕಿಟಕಿಗೆ ಬಿಸಿಲು ಎಲ್ಲಿಂದ? ಎದುರಿಗೆ ಪಕ್ಕದ ಬಿಲ್ಡಿಂಗಿನ ಗೋಡೆ."

ಎದ್ದು ಹೋಗಿ ನೋಡುತ್ತೇನೆ. ಗೋಡೆಯೇ. ಪಾಚಿ ಹಿಡಿದ, ಒದ್ದೆಯಾದ, ಬಿಸಿಲು ಕಾಣದ ಗೋಡೆ. ಅದರ ಎದುರು ಕಿಟಕಿಯ ಜಾಲಿಯ ತುಂಬ ಹಸಿರು ಎಲೆ. ಉಳಿದ ಕಡೆಯ ಹೂಗಳೆಲ್ಲ ಉದುರಿಹೋಗಿವೆ, ಇಲ್ಲಿ ಮಾತ್ರ ಒಂದೇ ಒಂದು ಕಾಯಿ ತೂಗುತ್ತಿದೆ, ಹಣ್ಣಾಗಿ ಹಳದಿಗೆ ತಿರುಗಿದೆ. ನನ್ನ ಬೆನ್ನು ಸಣ್ಣಗೆ ಜುಮ್ಮೆನ್ನುತ್ತದೆ, ಸುಳ್ಳೇಕೆ ಹೇಳಲಿ.

"ಬೆಳಿಗ್ಗೆ ಜಾಲಿಗೆ ಎಂತದೋ ಉಜ್ಜುವ ಆವಾಜ್ ಬರ್ತದೆ," ಎನ್ನುತ್ತಾಳೆ ನಿಶ್ಮಿತಾ. "ಅತ್ತೆ ಬಳೆ ಕಿಟಕಿಗೆ ತಾಗ್ತಿತ್ತಲ್ಲ, ಹಾಗೇ. ಆ ಬಳ್ಳಿ ಕಿತ್ತು ಹಾಕ್ಲಿಕ್ಕೂ ಹೆದರಿಕೆ, ಇಡ್ಲಿಕ್ಕೂ ಹೆದರಿಕೆ."

ಹೆದರಿಕೆ ಅವಳೊಬ್ಬಳದೇ ಅಲ್ಲ. ಎಲೆಯ ಸಂಗತಿ ಲಿಫ್ಟಿನಲ್ಲಿ ಮೇಲಿಂದ ಕೆಳಗೆ ಓಡಾಡಿದ ಮೇಲೆ ಬಕೆಟುಗಳು ಬಾಗಿಲ ಮುಂದೆ ಬರುವುದು ಕಡಿಮೆಯಾಯಿತು. ಕೆಲವರ ಕುಂಡಗಳು ಖಾಲಿಯಾದವು. ಸೊಸೈಟಿಯ ಮೀಟಿಂಗಿನಲ್ಲಿ ತೀರ್ಮಾನವೂ ಆಯಿತು: ಗುಂಡಿ ಮುಚ್ಚಿ, ಮೇಲೆ ಪೇವರ್ ಬ್ಲಾಕ್ ಹಾಸಿ, ಸ್ಕೂಟರು ನಿಲ್ಲಿಸುವುದು. ಸೆಕ್ರೆಟರಿ ಮನೀಶ್ ಕೆಟ್ಟವನಲ್ಲ. ಅಪ್ಪ ಅಮ್ಮ ಉಡುಪಿ ಕಡೆಯವರು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. "ಮೈ ಭೂತ್-ವೂತ್ ನಹೀ ಮಾನ್ತಾ. ಲೇಕಿನ್ ಲೋಗ್ ಡರ್ತೇ ಹೈ, ಕ್ಯಾ ಕರೂಂ?" ಎಂದು ನನ್ನನ್ನೇ ಕೇಳುತ್ತಾನೆ. ಭೂತಗೀತ ತಾನು ನಂಬುವುದಿಲ್ಲವಂತೆ, ಆದರೆ ಜನ ಹೆದರುತ್ತಾರಂತೆ, ತಾನೇನು ಮಾಡಲಿ ಎಂದು.

ಗುಂಡಿ ಹೋದರೆ ಕೆಲಸವೂ ಹೋದಂತೆ. ಹರಿಣಾಕ್ಷಿ ಜಗಳ ಆಡುವುದಿಲ್ಲ. "ನಾಳೆ ಬ್ಲಾಕಿನವರು ಬರ್ತಾರಂತೆ. ಅದಕ್ಕೆ ಮುಂಚೆ ಒಂದು ಸಲ ಚೆಂದ ಮಗುಚಿ ಇಡ್ತೇನೆ. ಬಿಸಿ ಇರುವಾಗ್ಲೇ ಮುಚ್ಚಿದ್ರೆ ಪಾಪ," ಎನ್ನುತ್ತಾರೆ.

ಮರುದಿನ ಬೆಳಗಿನ ಜಾವ ಮತ್ತೆ ಹೋಗುತ್ತೇನೆ. ಟೆಂಪೊ ಆಗಲೇ ಬಂದಿದೆ. ಹೊತ್ತು ಏರಿದರೆ ಈ ಗಲ್ಲಿಯಲ್ಲಿ ದೊಡ್ಡ ಗಾಡಿ ನುಗ್ಗುವುದಿಲ್ಲ. ಇಬ್ಬರು ಆಳುಗಳು ಬ್ಲಾಕು ಇಳಿಸಿ ಗೋಡೆಗೆ ಒಟ್ಟುತ್ತಿದ್ದಾರೆ. ಮನೀಶ್ ಸ್ವೆಟರು ಹಾಕಿಕೊಂಡು ಫೋನು ನೋಡುತ್ತ ನಿಂತಿದ್ದಾನೆ. ಹರಿಣಾಕ್ಷಿ ಗುಂಡಿಯ ಬಾಯಿ ಪೂರ್ತಿ ತೆರೆದು ಮಗುಚುತ್ತಿದ್ದಾರೆ. ಆವಿ ನಿನ್ನೆಗಿಂತ ದಟ್ಟವಾಗಿದೆ, ಅವರ ಮುಖ ಒಮ್ಮೆ ಕಾಣುತ್ತದೆ, ಒಮ್ಮೆ ಕಾಣುವುದಿಲ್ಲ. ಮೇಲೆ ಗಾಳಿ ಇಲ್ಲ. ಆದರೂ ಜಾಲಿಗೆ ಏನೋ ಉಜ್ಜುತ್ತಿದೆ, ಅದು ಇವತ್ತು ನನಗೂ ಕೇಳಿಸುತ್ತಿದೆ.

ಹರಿಣಾಕ್ಷಿ ಕೋಲು ಬಿಟ್ಟು, ನನ್ನ ತೋಳು ಹಿಡಿದು ಗೋಡೆ ಕಡೆಗೆ ಎಳೆಯುತ್ತಾರೆ.

ಧೊಪ್!

ಕಾಯಿ ಬಿದ್ದದ್ದು ಗುಂಡಿಯ ಪಕ್ಕಕ್ಕಲ್ಲ, ಒಳಕ್ಕೆ, ನಟ್ಟನಡುವೆ. ಎರಡು ಹೋಳಾಗಿ ಬಾಯಿ ತೆರೆದುಕೊಂಡಿದೆ, ಬೀಜವೆಲ್ಲ ಕಪ್ಪು ಗೊಬ್ಬರದ ಮೇಲೆ ಚೆಲ್ಲಿದೆ. ಬಿಸಿಗೆ ಹಣ್ಣು ಸೌತೆಯ ಪರಿಮಳ ಗಮ್ಮೆಂದು ಮೇಲೇಳುತ್ತದೆ. ಮೂರನೇ ಮಹಡಿಯಲ್ಲಿ ದೀಪ ಹತ್ತುತ್ತದೆ. ನಿಶ್ಮಿತಾ ಜಾಲಿಗೆ ಮುಖ ಒತ್ತಿ ಕೆಳಗೆ ನೋಡುತ್ತಾಳೆ.

ಆಳುಗಳಲ್ಲಿ ಹಿರಿಯವನು ಕೈಯಲ್ಲಿದ್ದ ಬ್ಲಾಕನ್ನು ಮೆಲ್ಲಗೆ ನೆಲಕ್ಕಿಡುತ್ತಾನೆ. "ಆಜ್ ನಕೋ, ಸಾಹೇಬ್," ಎನ್ನುತ್ತಾನೆ. ಇವತ್ತು ಬೇಡ. ಮನೀಶ್ ಅವನನ್ನು ನೋಡುತ್ತಾನೆ, ಗುಂಡಿಯನ್ನು ನೋಡುತ್ತಾನೆ, ಮೇಲಿನ ಕಿಟಕಿಯನ್ನು ಮಾತ್ರ ನೋಡುವುದಿಲ್ಲ. ಈ ಗುಂಡಿ ಮುಚ್ಚಬೇಕು ಎಂದು ಇಡೀ ಸೊಸೈಟಿಗೆ ಅನ್ನಿಸಿದ್ದು ಯಾವ ಹೆದರಿಕೆಯಿಂದಲೋ, ಅದೇ ಹೆದರಿಕೆ ಈಗ ಮುಚ್ಚುವ ಕೈಯನ್ನೂ ಹಿಡಿದಿದೆ.

"ಆಂಟಿ," ಎನ್ನುತ್ತಾನೆ ಕೊನೆಗೆ, ನಾನು ಅವನ ಬಾಯಲ್ಲಿ ಕೇಳಿದ ಮೊದಲ ಕನ್ನಡದಲ್ಲಿ, "ಹೀಗೇ ಇರ್ಲಿ. ನೀವೇ ನೋಡ್ಕೊಳ್ಳಿ."

ಒಟ್ಟಿದ ಬ್ಲಾಕುಗಳು ಒಂದೊಂದಾಗಿ ಟೆಂಪೊಗೆ ವಾಪಸು ಹೋಗುತ್ತವೆ. ಹರಿಣಾಕ್ಷಿ ಅದನ್ನು ನೋಡುತ್ತಿಲ್ಲ. ಗುಂಡಿಯ ಅಂಚಿಗೆ ಮೊಣಕಾಲೂರಿ, ಬುಟ್ಟಿಯಿಂದ ಒಣ ಎಲೆ ತೆಗೆದು ಆ ಎರಡು ಹೋಳುಗಳ ಮೇಲೆ ಹೊದಿಕೆ ಹೊದಿಸಿದಂತೆ ಹರಡುತ್ತಿದ್ದಾರೆ. ಕಣ್ಣು ತುಂಬಿದೆ, ಮುಖದಲ್ಲಿ ಮಾತ್ರ ನಗು. ಹೆದರಿಕೆ ಆಗಲಿಲ್ಲವಾ ಅಕ್ಕ ಎಂದು ಕೇಳುತ್ತೇನೆ.

"ಹೆದರಿಕೆ ಎಂತದು?" ಎಂದು ಸೆರಗಿನಲ್ಲಿ ಮೂಗು ಒರೆಸಿಕೊಂಡು ಮೇಲೆ ನೋಡುತ್ತಾರೆ. "ನನ್ನ ಗುಂಡಿಯೊಳಗೇ ಹಾಕಿದ್ರಲ್ಲ ರತ್ನಕ್ಕ. ಅದೂ ಪ್ಲಾಸ್ಟಿಕ್ ಇಲ್ಲದೆ."