ಸೊಕ್ಕೆಯಲ್ಲಿ ಅಜ್ಜನ ಮೂರು ಎಕರೆ

ಎಪ್ಪತ್ತೆಂಟರ ಬೇಸಿಗೆ ರಜೆಯಲ್ಲಿ, ನ್ಯಾಮತಿಯಿಂದ ಬೆಳಗಿನ ಮೊದಲ ಬಸ್ಸಿಗೆ ಅಪ್ಪನೂ ನಾನೂ ಹೊರಟೆವು. ನಾನು ಹೊನ್ನಾಳಿಯಲ್ಲಿ ಪ್ರೈಮರಿ ಶಾಲೆಯ ಮೇಡಂ. ಅಪ್ಪ ಹತ್ತಿ ಹಿಂಜಿ ಗಾದಿ ಹೊಲಿಯುವವರು. ಅವರಿಗೆ ಓದು ಬಾರದು, ಹಾಗಾಗಿ ನನ್ನ ರಜೆ ಅವರ ಪಾಲಾಯಿತು. ಹಬ್ಬಕ್ಕೆ ಮಾತ್ರ ಹಾಕುವ ಟೋಪಿ ಹಾಕಿಕೊಂಡು ಬಂದವರು, ಕಿಟಕಿ ಪಕ್ಕದ ಸೀಟು ಬೇಕೆಂದು ನನ್ನನ್ನೇ ಎಬ್ಬಿಸಿದರು.

ಹೊರಟಿದ್ದುದು ಜಗಳೂರು ತಾಲ್ಲೂಕಿನ ಸೊಕ್ಕೆಗೆ. ಅಪ್ಪನ ಅಪ್ಪ ಇಮಾಮಸಾಬಜ್ಜ ಅಲ್ಲಿಂದಲೇ ಹಿಂಜುವ ಬಿಲ್ಲು ಹೆಗಲಿಗೇರಿಸಿ, ಮದುವೆ ಗಾದಿಗಳ ಕೆಲಸ ಹುಡುಕುತ್ತ ಬಂದು ನ್ಯಾಮತಿಯಲ್ಲಿ ನಿಂತು, ಅಲ್ಲೇ ಮಣ್ಣಾದವರು. ಈಚೆಗೆ ಅವರ ಪೆಟ್ಟಿಗೆಯ ತಳದಲ್ಲಿ ಕಂದಾಯದ ಹಳೆಯ ರಸೀದಿ ಸಿಕ್ಕಿತ್ತು. ಅದರಲ್ಲಿ ಸೊಕ್ಕೆಯ ಹೆಸರು, ಸರ್ವೆ ನಂಬರು, ಮೂರು ಎಕರೆ ಎಂಬ ಬರಹ. ಅಂದಿನಿಂದ ಅಪ್ಪನಿಗೆ ನಿದ್ದೆಯಿಲ್ಲ.

“ಜೀವಮಾನ ಎಲ್ಲಾ ಮಂದಿ ಹತ್ತಿ ಹಿಂಜೀನಿ ಕಣವ್ವ. ಒಂದು ವರ್ಷನಾದ್ರೂ ನನ್ನ ಹೊಲದಾಗೆ ಬೆಳೆದ ಹತ್ತಿ ಹಿಂಜಬೇಕು,” ಎಂದರು, ಹೊನ್ನಾಳಿ ಸೇತುವೆ ದಾಟುವಾಗ.

ದಾವಣಗೆರೆಯವರೆಗೆ ಇಬ್ಬರಿಗೂ ಸೇರಿ ಎಂಟು ರೂಪಾಯಿ ಚಿಲ್ಲರೆ. ಅಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದು ಜಗಳೂರಿನ ಬಸ್ಸು ಹತ್ತಿದೆವು. ಬಿಸಿಲು ಮುಖಕ್ಕೆ ಹೊಡೆಯತೊಡಗಿದ ಮೇಲೆ ಅಪ್ಪ ಧಾರಾಳವಾಗಿ ಕಿಟಕಿಯನ್ನು ನನಗೆ ಬಿಟ್ಟುಕೊಟ್ಟರು.

ತಾಲ್ಲೂಕು ಕಚೇರಿಯ ಗುಮಾಸ್ತರು ಊಟ ಮುಗಿಸಿ ಬಂದು, ಧೂಳು ಕೊಡವಿ ಪಹಣಿ ಪುಸ್ತಕ ತೆಗೆದರು. ಖಾತೆದಾರರ ಕಾಲಂನಲ್ಲಿ ಅಜ್ಜನ ಹೆಸರು ಹಾಗೇ ಇತ್ತು. ಪಕ್ಕದ ಸಾಗುವಳಿ ಕಾಲಂನಲ್ಲಿ ಮಾತ್ರ ಓಬಪ್ಪ ಎಂದಿತ್ತು.

“ಈ ಓಬಪ್ಪ ತೀರ್ಕೊಂಡಾನೆ. ಅವನ ಹೆಂಡ್ತಿ ಹನುಮಕ್ಕ ಖಾತೆ ತನಗೆ ಆಗ್ಬೇಕು ಅಂತ ಅರ್ಜಿ ಕೊಟ್ಟೈತೆ,” ಎಂದರು ಗುಮಾಸ್ತರು. “ನೀವು ತಕರಾರು ಹಾಕಿದ್ರೆ ನಿಲ್ತೈತೆ. ತಕರಾರಿಲ್ಲ ಅಂತ ಬರೆದುಕೊಟ್ರೆ ಆಯಮ್ಮನಿಗೆ ಹೋಗ್ತೈತೆ. ನೋಡ್ರಿ, ನಿಮ್ಮ ಕೈಯಾಗೈತೆ.”

ಅಪ್ಪ, ನಾನು ತೋರಿಸಿದ ಅಜ್ಜನ ಹೆಸರಿನ ಮೇಲೆ ಬೆರಳಾಡಿಸಿದರು. ಆ ದಿನ ಪರಿಚಯದವರ ಮನೆಯಲ್ಲಿ ಉಳಿದೆವು. ಉಂಡು ಮಲಗುವವರೆಗೂ ಅಪ್ಪನ ಬಾಯಲ್ಲಿ ಹತ್ತಿ ಬೀಜದ್ದೇ ಮಾತು.

ಮರುದಿನ ಸೊಕ್ಕೆಯಲ್ಲಿ ಬಸ್ಸಿಳಿದು, ದಾರಿ ಕೇಳಿಕೊಂಡು ಒಂದು ಮೈಲಿ ನಡೆದೆವು. ಕಪ್ಪು ಎರೆಮಣ್ಣಿನ ಹೊಲ, ಉತ್ತು ಬಿಟ್ಟಿದ್ದರು. ಅರವತ್ತರ ಆಸುಪಾಸಿನ ಹೆಂಗಸೊಬ್ಬರು ಹಿಂದಿನ ಬೆಳೆಯ ಕೂಳೆ ಆಯುತ್ತಿದ್ದರು, ಅವರೇ ಹನುಮಕ್ಕ. ನಾವು ಯಾರೆಂದು ಹೇಳಿ, ರಸೀದಿ ತೋರಿಸಿದ ಕೂಡಲೇ ಹನುಮಕ್ಕ ಬದುವಿನ ಮೇಲೆ ಕೂತುಬಿಟ್ಟರು.

“ಒಂದಿನ ಬರ್ತೀರಿ ಅಂತ ಗೊತ್ತಿತ್ತು,” ಎಂದರು. “ನಮ್ಮ ಮಾವಗೆ ನಿಮ್ಮಪ್ಪಾರು, ನಾ ಬರೋತನಕ ನೋಡ್ಕೊ ಅಂದಿದ್ರಂತೆ. ನೋಡ್ಕೊಂಡೀವಿ. ಅಳೆದು ನೋಡ್ರಿ ಅಣ್ಣಾರ, ಒಂದು ಗೇಣೂ ಅತ್ತಿತ್ತ ಆಗಿಲ್ಲ.”

ಬುತ್ತಿಯ ರೊಟ್ಟಿ, ಶೇಂಗಾ ಚಟ್ನಿಯನ್ನು ನಮ್ಮ ಮುಂದಿಟ್ಟರು. ಅಪ್ಪ ಉಣ್ಣದೆ ಹೊಲ ಸುತ್ತಲು ಹೋದರು. ನಿಜ ಹೇಳಬೇಕೆಂದರೆ ನನಗೆ ಆ ಹೊಲದ ಆಸೆಯಿತ್ತು. ರೊಟ್ಟಿಯನ್ನು ಮುರಿಯದೆ ಬುತ್ತಿಯಲ್ಲೇ ಇಟ್ಟೆ.

ಅಪ್ಪ ಬಂದವರೇ ಕೇಳಿದರು. “ಈ ಬದು ಯಾರು ಹಾಕಿದ್ದು ತಂಗಿ?”

“ನಾನೂ ನಮ್ಮನೆಯವ್ರೂ. ಮೂರು ಬೇಸಿಗೆ ಹಿಡೀತು. ಇದಕ್ಕೆ ಮುಂಚೆ ಮಣ್ಣೆಲ್ಲಾ ಹಳ್ಳಕ್ಕೆ ಹೋಗೋದು.”

ಅಪ್ಪ ಬದುವಿನ ಕಲ್ಲುಗಳನ್ನು ನೋಡುತ್ತ ನಿಂತರು. ಆಮೇಲೆ ನನ್ನ ಕಡೆ ತಿರುಗಿ, “ತಕರಾರಿಲ್ಲ ಅಂತ ಬರಿಯವ್ವ,” ಎಂದರು.

“ಅಪ್ಪ, ನಿಮ್ಮ ಹತ್ತಿ?”

“ನಮ್ಮಪ್ಪ ಇಲ್ಲಿ ಬಿಟ್ಟು ಹೋಗಿದ್ದು ಬರೇ ಹೆಸರು. ಹೊಲ ಉಳಿಸಿದ್ದು ಇವ್ರು. ಬರಿ.”

ಬರೆದೆ. ಅಷ್ಟು ನಿಧಾನವಾಗಿ ನಾನು ಯಾವತ್ತೂ ಬರೆದಿಲ್ಲ. ಊರೊಳಗೆ ಗ್ರಾಮ ಲೆಕ್ಕಿಗರ ಮನೆಗೆ ಹೋಗಿ, ಅವರೆದುರಿಗೆ ಅಪ್ಪ ಹೆಬ್ಬೆಟ್ಟು ಒತ್ತಿದರು. ಹನುಮಕ್ಕ ನಮ್ಮ ಹಿಂದೆ ಬಸ್‌ಸ್ಟ್ಯಾಂಡಿನವರೆಗೆ ಬಂದರು.

ಬಸ್ಸು ಬರುವುದು ಕಂಡಾಗ ಬಾಯಿ ಬಿಟ್ಟರು. “ಅಣ್ಣಾರ, ಸೀಗೆ ಹುಣ್ಣಿಮೆಗೆ ಅಡುಗೆ ಮಾಡ್ಕೊಂಡು ಹೋಗಿ ಹೊಲಕ್ಕೆಲ್ಲಾ ಚರಗ ಚೆಲ್ತೀವಲ್ಲ, ಆವಾಗ ಮೊದಲ್ನೇ ಹಿಡಿ ನಿಮ್ಮಪ್ಪಾರ ಹೆಸರಿಗೆ. ‘ಇಮಾಮಸಾಬಣ್ಣ, ಉಣ್ಣಾಕೆ ಬಾ’ ಅಂತ ಕೂಗಿ ಚೆಲ್ತೀವಿ. ಮಾವ ಕಲಿಸಿದ್ದು. ಒಂದು ವರ್ಷನೂ ಬಿಟ್ಟಿಲ್ಲ.”

“ಹೊಲದಾಗೇ ಯಾಕೆ ಹೇಳ್ಲಿಲ್ಲ ತಂಗಿ?”

“ಹೊಲ ಉಳಿಸ್ಕೊಳ್ಳಾಕೆ ಹೇಳ್ತಾಳೆ ಅಂತ ನೀವು ಅಂದ್ಕೊಳ್ತಿದ್ರಿ.”

ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಟೋಪಿ ತೆಗೆದು ಮುಖ ಒರೆಸಿಕೊಂಡರು. ಕಂಡಕ್ಟರ್ ಸೀಟಿ ಊದಿದರೂ ಅಪ್ಪನ ಒಂದು ಕಾಲು ಕೆಳಗೇ ಇತ್ತು.

“ಈ ವರ್ಷನೂ ಕೂಗು ತಂಗಿ,” ಎಂದರು. “ನಾ ಬರ್ತೀನಿ.”