ಗುಲಾಮರ ಬಿಡುಗಡೆಯ ವಿಷಯದಲ್ಲಿ ನಮ್ಮ ಸರ್

ಕಳೆದ ಸೋಮವಾರ ಅಂಚೆಯಲ್ಲಿ ಒಂದು ದಪ್ಪ ಲಕೋಟೆ ಬಂತು. ತೆರೆಯುವ ಮೊದಲೇ ತಲೆನೋವಿನ ಮುಲಾಮಿನ ವಾಸನೆ ಮೂಗಿಗೆ ಹೊಡೆಯಿತು. ಕಳಿಸಿದವರ ವಿಳಾಸ ಓದುವ ಅಗತ್ಯವೇ ಬೀಳಲಿಲ್ಲ. ಆ ಮುಲಾಮನ್ನು ಹಣೆಯ ಎರಡೂ ಬದಿಗೆ ತಿಕ್ಕಿಕೊಂಡು, ಕಣ್ಣು ಮುಚ್ಚಿ, ಮಧ್ಯಯುಗದ ಗುಲಾಮರ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಿದ್ದವರು ನಾನು ಕಂಡಂತೆ ಒಬ್ಬರೇ. ಅವರು ತೀರಿಕೊಂಡ ಸುದ್ದಿ ಮೂರು ತಿಂಗಳ ಹಿಂದೆ ವಾಟ್ಸಾಪ್ ಗುಂಪಿನಲ್ಲಿ ಬಂದಿತ್ತು. ಎಲ್ಲರೂ ಕೈಮುಗಿದ ಚಿತ್ರ ಹಾಕಿದ್ದರು. ನಾನು ಹಾಕಿರಲಿಲ್ಲ.

ಲಕೋಟೆ ಕಳಿಸಿದ್ದು ಅವರ ಮಗಳು. ಇಲ್ಲೇ, ಈ ಪರದೇಶದಲ್ಲೇ ಹುಟ್ಟಿ ಬೆಳೆದವಳು, ಕನ್ನಡ ಅರ್ಥವಾಗುತ್ತದೆ, ಬರೆಯುವುದು ಇಂಗ್ಲಿಷಿನಲ್ಲಿ. ಮುಂದಿನ ತಿಂಗಳು ಅಪ್ಪನ ನೆನಪಿಗೆ ಒಂದು ಸಭೆ ಇಟ್ಟುಕೊಂಡಿದ್ದೇವೆ, ಅವರ ಪುಸ್ತಕವನ್ನು ಟೈಪ್ ಮಾಡಿದವರು ನೀವು, ಐದು ನಿಮಿಷ ಮಾತಾಡಬೇಕು ಎಂದು ಬರೆದಿದ್ದಳು. ಜೊತೆಗೆ ಆ ಪುಸ್ತಕದ ಎರಡು ಪ್ರತಿ, ಮಡಿಸಿದ ಒಂದು ಹಾಳೆ. ಹಾಳೆ ಅಪ್ಪನ ಮೇಜಿನ ಎರಡನೆಯ ಡ್ರಾಯರಿನಲ್ಲಿ ಸಿಕ್ಕಿತಂತೆ. ಅಜ್ಜಿಯನ್ನು ನೋಡಿಕೊಳ್ಳುತ್ತಿದ್ದ ಆಂಟಿಯ ಹೆಸರು ಅದರಲ್ಲಿದೆ, ಅವರು ಈಗ ಎಲ್ಲಿದ್ದಾರೆ ಗೊತ್ತೇ ಎಂದು ಕೇಳಿದ್ದಳು. ಆ ಹಾಳೆಯ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಸರ್.

ಸರ್ ಊರಿನಲ್ಲಿ ನಾಲ್ಕು ವರ್ಷ ಇತಿಹಾಸದ ಲೆಕ್ಚರರ್ ಆಗಿದ್ದರಂತೆ. ಇಲ್ಲಿಗೆ ಬಂದ ಮೇಲೆ ಇಪ್ಪತ್ತೈದು ವರ್ಷ ಇನ್ಶೂರೆನ್ಸ್ ಮಾರಿದರು. ಆದರೆ ಮಿಸ್ಸಿಸ್ಸಾಗದ ನಮ್ಮ ಕರಾವಳಿಯವರ ಕೂಟಗಳಲ್ಲಿ ಅವರನ್ನು ಪ್ರೊಫೆಸರ್ ಎಂದೇ ಪರಿಚಯಿಸುವುದು. ಅವರು ಒಮ್ಮೆಯಾದರೂ ತಿದ್ದಿದ್ದನ್ನು ನಾನು ಕಾಣೆ. ತಲೆ ತುಸು ಬಗ್ಗಿಸಿ, ಕಣ್ಣು ಅರ್ಧ ಮುಚ್ಚಿ ಆ ಪದವಿಯನ್ನು ಒಪ್ಪಿಕೊಳ್ಳುತ್ತಿದ್ದ ರೀತಿ ನೋಡಬೇಕಿತ್ತು... ಹೆಂಡತಿ ತೀರಿಕೊಂಡಿದ್ದರು, ಮಗಳು ದೂರದ ಊರಿನಲ್ಲಿ ಓದುತ್ತಿದ್ದಳು. ಎರಿನ್ ಮಿಲ್ಸ್ ಬಡಾವಣೆಯ ಅವರ ದೊಡ್ಡ ಮನೆಯಲ್ಲಿ ಇದ್ದದ್ದು ನಾಲ್ಕೇ ಜನ. ಮೇಲೆ ಸರ್, ಹಾಸಿಗೆ ಹಿಡಿದಿದ್ದ ಅವರ ತಾಯಿ, ತಾಯಿಯನ್ನು ನೋಡಿಕೊಳ್ಳಲು ಊರಿನಿಂದ ಕರೆಸಿಕೊಂಡ, ನಾನು ಅಕ್ಕ ಎನ್ನುತ್ತಿದ್ದ ಹೆಂಗಸು. ಕೆಳಗೆ ಬೇಸ್‌ಮೆಂಟಿನಲ್ಲಿ ಬಾಡಿಗೆಗೆ ನಾನು. ಆಗ ನಾನು ಪುತ್ತೂರಿನಿಂದ ಬಂದು ಇಲ್ಲಿನ ಕಾಲೇಜೊಂದರಲ್ಲಿ ಓದುತ್ತ, ಮಾಲ್‌ನ ಕಾಫಿ ಅಂಗಡಿಯಲ್ಲಿ ಶಿಫ್ಟ್ ಮಾಡುತ್ತಿದ್ದೆ.

ಅಕ್ಕ ವಿಟ್ಲದ ಕಡೆಯವಳು. ಮಂಗಳೂರಿನ ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳನ್ನು ಸರ್ ಕಾಗದಪತ್ರ ಮಾಡಿಸಿ ಕರೆಸಿದ್ದರು. ಕಾಗದದಲ್ಲಿ ಇದ್ದದ್ದು ತಾಯಿಯ ಆರೈಕೆ ಒಂದೇ. ಮಾಡುತ್ತಿದ್ದದ್ದು ಅಡುಗೆ, ಬಟ್ಟೆ, ಪಾತ್ರೆ, ಕಾರು ನಿಲ್ಲಿಸುವ ಡ್ರೈವ್‌ವೇಯ ಹಿಮ ತೆಗೆಯುವುದು, ನೆಂಟರು ಬಂದರೆ ಮೂವತ್ತು ಜನಕ್ಕೆ ನೀರುದೋಸೆ. ಸರ್ ಎಲ್ಲರೆದುರು ಅವಳನ್ನು ‘ನಮ್ಮ ಮನೆ ಮಗಳ ಹಾಗೆ’ ಎನ್ನುತ್ತಿದ್ದರು. ಸ್ವಂತ ಮಗಳಿಗೆ ಹಿಮದ ಸಲಿಕೆ ಎಲ್ಲಿದೆ ಎಂಬುದೇ ಗೊತ್ತಿರಲಿಲ್ಲ.

ಆಗಿನ ನಿಯಮ ಹೀಗಿತ್ತು. ಯಜಮಾನರ ಮನೆಯಲ್ಲೇ ಉಳಿದು ಎರಡು ವರ್ಷ ಆರೈಕೆಯ ಕೆಲಸ ಮಾಡಿದವರು ಇಲ್ಲೇ ಕಾಯಂ ಆಗಿ ನೆಲೆಸಲು ಅರ್ಜಿ ಹಾಕಬಹುದು, ಮಕ್ಕಳನ್ನೂ ಕರೆಸಿಕೊಳ್ಳಬಹುದು. ಎರಡು ವರ್ಷ ಕೆಲಸ ಮಾಡಿದ್ದು ಹೌದು ಎಂದು ಯಜಮಾನರು ಪತ್ರ ಕೊಡಬೇಕು. ಅಕ್ಕನ ಕೈಯಲ್ಲಿ ಬೇರೆ ದಾಖಲೆ ಒಂದೂ ಇರಲಿಲ್ಲ. ಅವಳ ಮಗಳು ಆಗ ಏಳನೇ ಕ್ಲಾಸು, ತಂಗಿಯ ಮನೆಯಲ್ಲಿ ಇದ್ದಳು. ಒಂದು ಚಳಿಗಾಲ ಮುಗಿಯುವ ಹೊತ್ತಿಗೆ ಮಾಲ್‌ನಲ್ಲಿ ಸೇಲ್ ಹಾಕಿದ್ದಾಗ ಅಕ್ಕ ಅವಳಿಗೆಂದು ಒಂದು ನೇರಳೆ ಜಾಕೆಟ್ ತೆಗೆದುಕೊಂಡಳು. ದೊಡ್ಡದಾಗುವುದಿಲ್ಲವೇ ಎಂದೆ. “ಬರುವಷ್ಟರಲ್ಲಿ ಸರಿಯಾಗ್ತದೆ,” ಎಂದಳು.

ಇನ್ನು ಸರ್ ಅವರ ಪುಸ್ತಕ. ಮಧ್ಯಯುಗದ ಕ್ರೈಸ್ತ ಮತ್ತು ಮುಸ್ಲಿಂ ನಾಡುಗಳಲ್ಲಿ ಗುಲಾಮರು ಹೇಗೆ ಮೇಲೆ ಬಂದರು ಎಂಬುದು ಅದರ ವಿಷಯ. ನನಗೆ ಕನ್ನಡ ಟೈಪಿಂಗ್ ಬರುತ್ತದೆಂದು ತಿಳಿದದ್ದೇ ತಡ, ಕೈಬರಹದ ಕಟ್ಟು ನನ್ನ ಪಾಲಿಗೆ ಬಂತು. ನನಗೆ ಕೆಲಸ ಹುಡುಕುವಾಗ ಒಳ್ಳೆಯ ರೆಫರೆನ್ಸ್ ಕೊಡುತ್ತೇನೆ ಎಂದಿದ್ದರು. ಅಷ್ಟು ಸಾಕಾಯಿತು ನನಗೆ, ಬಾಲ ಅಲ್ಲಾಡಿಸಿಕೊಂಡು ಹೋದೆ. ಭಾನುವಾರ ಮಧ್ಯಾಹ್ನ ಊಟದ ಮೇಜಿನ ಹತ್ತಿರ ಕೂತು ಅವರು ಹೇಳುವುದು, ನಾನು ಲ್ಯಾಪ್‌ಟಾಪಿನಲ್ಲಿ ಬಡಿಯುವುದು. ಅಡುಗೆಮನೆಗೂ ಊಟದ ಮೇಜಿಗೂ ನಡುವೆ ಗೋಡೆ ಇರಲಿಲ್ಲ. ಅಕ್ಕ ಅಲ್ಲೇ ತರಕಾರಿ ಹೆಚ್ಚುತ್ತಿದ್ದಳು.

ವಿಷಯ ಮಾತ್ರ ಸ್ವಾರಸ್ಯವಾಗಿತ್ತು, ಅದನ್ನು ಒಪ್ಪಿಕೊಳ್ಳಬೇಕು. ಹುಲ್ಲುಗಾವಲಿನ ನಾಡಿನಲ್ಲಿ ಹಿಡಿದು ತಂದು ಮಾರಿದ ಹುಡುಗರು ಈಜಿಪ್ಟಿನಲ್ಲಿ ಕುದುರೆ ಸವಾರರಾಗಿ, ಸರದಾರರಾಗಿ, ಕೊನೆಗೆ ಸುಲ್ತಾನರೇ ಆದದ್ದು. ಯಜಮಾನನಿಗೆ ಮಗು ಹೆತ್ತ ದಾಸಿಯನ್ನು ಮತ್ತೆ ಮಾರುವಂತಿಲ್ಲ, ಅವನು ಸತ್ತ ದಿನ ಅವಳು ಸ್ವತಂತ್ರಳು ಎಂಬ ನಿಯಮ. ಎಲ್ಲಕ್ಕಿಂತ ಸರ್‌ಗೆ ಇಷ್ಟವಾದದ್ದು ಮುಸ್ಲಿಂ ನಾಡುಗಳ ಬಿಡುಗಡೆಯ ಕರಾರು. ಗುಲಾಮನೇ ಬಂದು ಕೇಳಬಹುದು. ಅವನಲ್ಲಿ ಒಳ್ಳೆಯತನ ಕಂಡರೆ ಯಜಮಾನ ಬರೆದುಕೊಡಬೇಕು. ಗೊತ್ತು ಮಾಡಿದ ಹಣವನ್ನು ದುಡಿದು ತೀರಿಸಿದ ದಿನ ಅವನು ಯಾರ ಸೊತ್ತೂ ಅಲ್ಲ. ಬರೆದುಕೊಡುವುದು ಪುಣ್ಯ ಎಂದರು ಕೆಲವರು, ಕಡ್ಡಾಯ ಎಂದರು ಕೆಲವರು. ಸರ್ ಕಡ್ಡಾಯ ಎನ್ನುವವರ ಪರ. ಆ ಅಧ್ಯಾಯ ಹೇಳುವಾಗ ಒಂದೊಂದು ವಾಕ್ಯವನ್ನೂ ಎರಡೆರಡು ಸಲ ಹೇಳಿ ಬರೆಸುತ್ತಿದ್ದರು. ನಾನೂ ಒಮ್ಮೆ ಆಹಾ ಎಂದದ್ದುಂಟು, ಈಗ ನೆನೆದರೆ ನಾಚಿಕೆಯಾಗುತ್ತದೆ.

ಕ್ರೈಸ್ತ ನಗರಗಳ ವ್ಯಾಪಾರಿಗಳನ್ನು ಮಾತ್ರ ಅವರು ಬಿಡುತ್ತಿರಲಿಲ್ಲ. ಕಪ್ಪು ಸಮುದ್ರದ ಕಡೆಯಿಂದ ಹೆಣ್ಣಾಳುಗಳನ್ನು ಕೊಂಡು ತಂದು, ಬದುಕಿಡೀ ದುಡಿಸಿಕೊಂಡು, ಸಾಯುವ ಕಾಲಕ್ಕೆ ಉಯಿಲಿನಲ್ಲಿ ‘ನನ್ನ ಆತ್ಮದ ಸದ್ಗತಿಗಾಗಿ ಇವಳನ್ನು ಬಿಟ್ಟಿದ್ದೇನೆ’ ಎಂದು ಬರೆಸುತ್ತಿದ್ದರಂತೆ. “ಇದು ಧರ್ಮವಾ? ಸತ್ತ ಮೇಲೆ ಕೊಡ್ಲಿಕ್ಕೆ ಎಂತ ದೊಡ್ಡಸ್ತಿಕೆ ಬೇಕು?” ಎಂದು ಮೇಜು ಗುದ್ದಿದ್ದರು. ಆ ವಾಕ್ಯವನ್ನೂ ಟೈಪ್ ಮಾಡಿದ್ದೇನೆ. ಪುಸ್ತಕದಲ್ಲಿದೆ, ನೂರ ಹನ್ನೆರಡನೆಯ ಪುಟ.

ಎರಡು ವರ್ಷ ತುಂಬಿದ ವಾರವೇ ಅಕ್ಕ ಬೇಸ್‌ಮೆಂಟಿಗೆ ಬಂದು ಪತ್ರದ ವಿಷಯ ಹೇಳಿದಳು. ನಾನೇ ಟೈಪ್ ಮಾಡಿ, ಪ್ರಿಂಟ್ ತೆಗೆದು, ಸರ್ ಮೇಜಿನ ಮೇಲೆ ಇಟ್ಟೆ. ಅರ್ಧ ಪುಟದ ಪತ್ರ. ಇಂಥವರು ಇಂಥ ದಿನದಿಂದ ನನ್ನ ಮನೆಯಲ್ಲಿ ಪೂರ್ತಿ ಸಮಯ ನನ್ನ ತಾಯಿಯನ್ನು ನೋಡಿಕೊಂಡಿದ್ದಾರೆ, ಅಷ್ಟೇ. ಒಂದು ಸಹಿ ಹಾಕಬೇಕಿತ್ತು.

“ನೋಡುವ,” ಎಂದರು ಸರ್.

ತಿಂಗಳು ಕಳೆದ ಮೇಲೆ ಅಕ್ಕ ಕೇಳಿದಳು. “ನೋಡುವ ಮಾರಾಯ್ತಿ, ಎಂತ ಅರ್ಜೆಂಟ್ ನಿಂಗೆ? ನಾವೇನು ನಿನ್ನನ್ನು ಹೊರಗೆ ಹಾಕಿದ್ದೇವಾ?” ಎಂದರು. ನಾನು ಒಮ್ಮೆ ಮೆಲ್ಲಗೆ ನೆನಪಿಸಿದೆ. ಆಗ ಬಾಯಿ ಬಿಟ್ಟು ಹೇಳಿದರು. “ಅದು ಕೊಟ್ರೆ ಅವಳು ಮತ್ತೆ ನಿಲ್ತಾಳಾ ಇಲ್ಲಿ? ಅಮ್ಮನನ್ನು ನೋಡುವವರು ಯಾರು? ನೀನು ನೋಡ್ತೀಯಾ?”

ಇಲ್ಲ, ನಾನು ನೋಡುತ್ತಿರಲಿಲ್ಲ. ನನ್ನ ರೆಫರೆನ್ಸ್ ಪತ್ರವೂ ಅವರ ಕೈಯಲ್ಲೇ ಇತ್ತು. ತೆಪ್ಪಗೆ ಕೆಳಗಿಳಿದು ಹೋಗಿ, ಗುಲಾಮರ ಬಿಡುಗಡೆಯ ಅಧ್ಯಾಯದ ಕಾಗುಣಿತ ತಿದ್ದುತ್ತ ಕೂತೆ. ಸರ್ ಮೇಲೆ ನನಗಿರುವ ತಿರಸ್ಕಾರದಲ್ಲಿ ಒಂದು ಪಾಲು ನನಗೂ ಸಲ್ಲಬೇಕು. ಹದಿನಾಲ್ಕು ವರ್ಷದಿಂದ ಸಲ್ಲಿಸುತ್ತಲೇ ಇದ್ದೇನೆ.

ಪುಸ್ತಕ ಅಚ್ಚಿಗೆ ಹೋಗುವ ಮೊದಲು ಒಂದು ಭಾನುವಾರ ಸರ್ ಹನ್ನೆರಡು ಹದಿಮೂರು ಜನರನ್ನು ಊಟಕ್ಕೆ ಕರೆದರು. ಊಟವಾದ ಮೇಲೆ ಭಾಷಣ. ಸೋಫಾ ತುಂಬ ಹೊಟ್ಟೆ ತುಂಬಿದವರು. ಸರ್ ಮುಲಾಮು ತಿಕ್ಕಿಕೊಂಡು, ಬಿಡುಗಡೆಯ ಕರಾರನ್ನು ಸ್ವತಃ ಕಂಡುಹಿಡಿದವರ ಗತ್ತಿನಲ್ಲಿ ವಿವರಿಸಿದರು. ಕಡೆಗೆ ಯಾರಿಗಾದರೂ ಪ್ರಶ್ನೆಗಳಿದ್ದರೆ ಕೇಳಿ ಎಂದರು. ಯಾರಿಗೂ ಇರಲಿಲ್ಲ, ಎಲ್ಲರಿಗೂ ನಿದ್ದೆ ಬರುತ್ತಿತ್ತು. ಅಕ್ಕ ಖಾಲಿ ಲೋಟಗಳನ್ನು ಟ್ರೇಗೆ ಎತ್ತಿಕೊಳ್ಳುತ್ತಿದ್ದಳು. ಟ್ರೇ ಹಿಡಿದುಕೊಂಡೇ ನಿಂತಳು.

“ಸರ್, ನಂಗೊಂದು ಕೇಳ್ಲಿಕ್ಕುಂಟು.”

“ಕೇಳು, ಕೇಳು.”

“ಗುಲಾಮ ಕೇಳಿದ್ರೆ ಯಜಮಾನ ಬರೆದು ಕೊಡ್ಲೇಬೇಕು ಅಂತ ಹೇಳಿದ್ರಲ್ಲ. ಕೇಳಿ ಎಷ್ಟು ದಿವಸದೊಳಗೆ ಕೊಡ್ಬೇಕು ಅಂತ ಉಂಟು?”

ಸರ್ ಒಂದು ಕ್ಷಣ ಅವಳ ಮುಖ ನೋಡಿದರು. ಆಮೇಲೆ ನೆಂಟರ ಕಡೆ ತಿರುಗಿ, “ನೋಡಿ, ನಮ್ಮಲ್ಲಿ ಕಿಚನ್‌ನಲ್ಲಿ ಕೂಡ ಹಿಸ್ಟರಿ ಉಂಟು,” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅಕ್ಕ ನಗಲಿಲ್ಲ. “ನಿಜವಾಗಿ ಕೇಳಿದ್ದು ಸರ್. ನನ್ನ ಲೆಟರಿಗೆ ಐದು ತಿಂಗಳಾಯ್ತು.”

“ಅದೆಲ್ಲ ಆಮೇಲೆ ನೋಡುವ. ಇವರಿಗೆ ಕಾಫಿ ತಾ.”

ಅವಳು ಕಾಫಿ ತಂದಳು. ಹನ್ನೆರಡು ಲೋಟವೂ ಸರಿಯಾಗಿ ತಂದಳು, ಸಕ್ಕರೆ ಬೇಡದವರಿಗೆ ಸಕ್ಕರೆ ಇಲ್ಲದ್ದೇ ಕೊಟ್ಟಳು. ಎರಡು ವರ್ಷ ಪಕ್ಕದ ಮೇಜಿನಿಂದ ಕೇಳಿಸಿಕೊಂಡು ಅಷ್ಟು ಅರ್ಥ ಮಾಡಿಕೊಂಡವಳು ಆ ಮನೆಯಲ್ಲಿ ಅವಳೊಬ್ಬಳೇ. ತರಕಾರಿ ಹೆಚ್ಚುವವಳಿಗೆ ಕಿವಿ ಇರುತ್ತದೆ ಎಂಬುದು ಸರ್‌ಗೆ ಹೊಳೆದೇ ಇರಲಿಲ್ಲ. ಅಷ್ಟು ಪುಸ್ತಕ ಓದಿದ ಮನುಷ್ಯ...

ನಾಲ್ಕು ತಿಂಗಳ ಮೇಲೆ ಅವಳ ಕೆಲಸದ ಪರ್ಮಿಟ್ ಮುಗಿಯಿತು, ಅರ್ಜಿ ಹಾಕಬಹುದಾದ ಕಾಲವೂ ಮುಗಿಯಿತು. ಆ ನಾಲ್ಕು ತಿಂಗಳೂ ಸರ್ ‘ನೋಡುವ’ ಎನ್ನುತ್ತಲೇ ಇದ್ದರು. ಅಕ್ಕ ಊರಿಗೆ ಹೊರಟಳು. ನೇರಳೆ ಜಾಕೆಟ್ಟನ್ನು ನನ್ನ ಮಂಚದ ಮೇಲೆ ಇಟ್ಟು, “ಊರಲ್ಲಿ ಇದು ಎಂತಕ್ಕೆ? ಯಾರಿಗಾದ್ರೂ ಕೊಡು,” ಎಂದಳು. ಬೆಲೆಯ ಚೀಟಿ ಇನ್ನೂ ತೋಳಿನಲ್ಲೇ ಇತ್ತು. ಸರ್ ಅವಳನ್ನು ಏರ್‌ಪೋರ್ಟಿನವರೆಗೆ ಸ್ವತಃ ಬಿಟ್ಟು ಬಂದು, ಅದನ್ನು ಒಂದು ವಾರ ಹೇಳಿಕೊಂಡು ತಿರುಗಿದರು. ಮರುತಿಂಗಳು ತಾಯಿಯನ್ನು ನರ್ಸಿಂಗ್ ಹೋಮಿಗೆ ಸೇರಿಸಿದರು. ಅಲ್ಲಿ ಜಾಗ ಸಿಗುವುದು ಅಷ್ಟು ಸುಲಭವಿತ್ತು. ನನ್ನ ರೆಫರೆನ್ಸ್ ಪತ್ರ ಮಾತ್ರ ಕೇಳಿದ ದಿನವೇ ಸಿಕ್ಕಿತು. ಅದನ್ನು ಹಿಡಿದುಕೊಂಡು ನಾನು ಕೆಲಸ ಹುಡುಕಿದೆ, ಕೆಲಸ ಸಿಕ್ಕಿತು, ಬೇಸ್‌ಮೆಂಟ್ ಬಿಟ್ಟೆ. ಈಗ ಸ್ಟ್ರೀಟ್ಸ್‌ವಿಲ್‌ನಲ್ಲಿ ಸ್ವಂತ ಮನೆ ಇದೆ.

ಇಷ್ಟಾದ ಮೇಲೆ ಆ ಹಾಳೆ. ಮಡಿಕೆ ಬಿಡಿಸಿ ನೋಡಿದರೆ ನಾನು ಟೈಪ್ ಮಾಡಿದ ಅರ್ಧ ಪುಟವೇ. ಕೆಳಗೆ ಸರ್ ಸಹಿ ಇತ್ತು. ಸಹಿಯ ಕೆಳಗೆ ತಾರೀಕು ಬರೆಯುವುದು ಇತಿಹಾಸದವರಾದ ಅವರ ಅಭ್ಯಾಸ, ತಾರೀಕೂ ಇತ್ತು. ನನ್ನ ಹಳೆಯ ಮೇಲ್‌ಗಳಲ್ಲಿ ಹುಡುಕಿ ಆ ಭಾನುವಾರದ ಊಟದ ಆಮಂತ್ರಣ ತೆಗೆದು ನೋಡಿದೆ. ಊಟವಾದ ಹನ್ನೊಂದನೆಯ ದಿನ ಸಹಿ ಹಾಕಿದ್ದಾರೆ. ಅಂದರೆ ಅವಳ ಪ್ರಶ್ನೆ ಅವರಿಗೆ ನಾಟಿತ್ತು. ಸಹಿ ಹಾಕುವಷ್ಟು ನಾಟಿತ್ತು, ಕೊಡುವಷ್ಟು ನಾಟಲಿಲ್ಲ. ಅವಳು ಮನೆಯಲ್ಲಿದ್ದ ಉಳಿದ ಅಷ್ಟೂ ದಿನ ಪತ್ರ ಆ ಡ್ರಾಯರಿನಲ್ಲಿ ಮಲಗಿತ್ತು. ಆಮೇಲೂ ಹರಿದು ಹಾಕಲಿಲ್ಲ, ಮುಲಾಮಿನ ಡಬ್ಬಿಯ ಪಕ್ಕ ಜೋಪಾನವಾಗಿ ಇಟ್ಟುಕೊಂಡು ಸತ್ತರು. ನೂರ ಹನ್ನೆರಡನೆಯ ಪುಟದ ವ್ಯಾಪಾರಿಗಳೇ ವಾಸಿ. ಉಯಿಲನ್ನು ಯಾರಾದರೂ ಓದುತ್ತಿದ್ದರು, ಆ ಹೆಂಗಸರಿಗೆ ಸುದ್ದಿಯಾದರೂ ಮುಟ್ಟುತ್ತಿತ್ತು.

ಊರಿನಲ್ಲಿ ಅಮ್ಮನಿಗೆ ಹೇಳಿ ಅಕ್ಕನ ನಂಬರ್ ಹುಡುಕಿಸಿದೆ. ಎರಡು ದಿನದಲ್ಲಿ ಸಿಕ್ಕಿತು. ಬೇಕೆಂದಿದ್ದರೆ ಹದಿನಾಲ್ಕು ವರ್ಷದಲ್ಲಿ ಯಾವತ್ತಾದರೂ ಸಿಗುತ್ತಿತ್ತು. ಫೋನ್ ಎತ್ತಿದವಳು ನನ್ನ ಧ್ವನಿ ಗುರುತಿಸಿ, ಊಟ ಆಯ್ತಾ ಎಂದೇ ಕೇಳಿದಳು. ಸರ್ ತೀರಿಕೊಂಡದ್ದು ಹೇಳಿದೆ. “ಹೌದಾ,” ಎಂದಳು. ಪತ್ರದ ವಿಷಯ ಹೇಳಿದೆ.

“ಸೈನ್ ಹಾಕಿದ್ದು ಉಂಟಾ?”

“ಉಂಟು ಅಕ್ಕ.”

“ಎಲ್ಲಿ ಇತ್ತು ಅದು?”

“ಅವರ ಮೇಜಿನ ಡ್ರಾಯರಿನಲ್ಲಿ.”

“ಆ ಮೇಜು ದಿನಾ ನಾನೇ ಒರೆಸ್ತಿದ್ದದ್ದು,” ಎಂದಳು. “ಡ್ರಾಯರಿನ ಹಿಡಿ ಕೂಡ ಒರೆಸ್ತಿದ್ದೆ. ತೆರೆದು ನೋಡ್ಲಿಲ್ಲ. ಬೇರೆಯವರ ಡ್ರಾಯರ್ ಅಲ್ವಾ.”

ಆ ಸಭೆಗೆ ಹೋಗಿ ಎಲ್ಲರೆದುರು ಈ ಪತ್ರ ಓದುತ್ತೇನೆ ಎಂದೆ. ನನಗೆ ಆವೇಶ ಬಂದಿತ್ತು. ಅವಳು ಬೇಡ ಎಂದಳು. ಅವರು ಅದಕ್ಕೂ ಒಮ್ಮೆ ನಕ್ಕು ಕಾಫಿ ಕುಡಿಯುತ್ತಾರೆ, ಓದಬೇಡ ಎಂದಳು.

“ಅದನ್ನು ನಂಗೆ ಕಳಿಸು.”

“ಈಗ ಅದರಿಂದ ಏನು ಪ್ರಯೋಜನ ಅಕ್ಕ?”

“ಮಗಳಿಗೆ ತೋರಿಸ್ಬೇಕು. ಕರೆಸಿಕೊಳ್ತೇನೆ ಅಂತ ಅಮ್ಮ ಸುಳ್ಳು ಹೇಳಿದ್ಳು, ಅಲ್ಲಿ ಕೆಲಸ ಸರಿ ಮಾಡಿರ್ಲಿಕ್ಕಿಲ್ಲ, ಅದಕ್ಕೆ ಕಳಿಸಿಬಿಟ್ರು ಅಂತಲೇ ಅವಳ ತಲೆಯಲ್ಲಿ ಉಂಟು. ಎಷ್ಟು ಹೇಳಿದ್ರೂ ನಂಬ್ಲಿಲ್ಲ. ಈಗ ಅವಳಿಗೇ ಒಂದು ಮಗು ಆಗಿದೆ, ಈಗಲೂ ನನ್ನ ಹತ್ರ ಸರಿ ಮಾತಿಲ್ಲ.”

ಸಭೆಗೆ ಬರುವುದಿಲ್ಲ ಎಂದು ಸರ್ ಮಗಳಿಗೆ ಬರೆದೆ. ಕಾರಣ ಕೇಳಿದ್ದಾಳೆ, ಇನ್ನೂ ಉತ್ತರ ಕೊಟ್ಟಿಲ್ಲ, ಕೊಡಬೇಕು. ಕೃತಜ್ಞತೆಯ ಪುಟದಲ್ಲಿ ‘ಅಂದವಾಗಿ ಟೈಪ್ ಮಾಡಿಕೊಟ್ಟ ಹುಡುಗಿ’ ಎಂದು ನನ್ನ ಹೆಸರಿರುವ ಪುಸ್ತಕದ ಎರಡು ಪ್ರತಿಗಳನ್ನೂ ರೀಸೈಕ್ಲಿಂಗ್ ಡಬ್ಬಕ್ಕೆ ಹಾಕಿದೆ. ಪತ್ರ ಅಕ್ಕನ ಮನೆಗೆ ಆ ಮುಲಾಮಿನ ವಾಸನೆಯೊಂದಿಗೆ ಹೋಗುವುದು ಬೇಡ ಎನ್ನಿಸಿತು. ಕಿಟಕಿಯ ಹತ್ತಿರ ಎರಡು ದಿನ ಗಾಳಿಗೆ ಇಟ್ಟೆ. ವಾಸನೆ ಹೋಗಲಿಲ್ಲ. ಅವಳು ಕಾಯುತ್ತಿರುತ್ತಾಳೆ ಎಂದು ಇವತ್ತು ಬೆಳಿಗ್ಗೆ ಹಾಗೆಯೇ ಕಳಿಸಿಬಿಟ್ಟೆ.