ಗರಿ ಕುಯ್ದದ್ದಲ್ಲ

ಕುಮಾರ, ನಿನ್ನ ಕೈಮೇಲಿನ ಗಾಯಗಳು ಕಬ್ಬಿನ ಗರಿ ಕುಯ್ದದ್ದಲ್ಲ ಎಂದು ನನಗೆ ಮೊದಲ ದಿನವೇ ಗೊತ್ತಿತ್ತು. ಗೊತ್ತಿದ್ದೂ ಸುಳ್ಳು ಹೇಳಿದೆ. ಹೇಳಿದವನು ನಿನ್ನ ಒಡಹುಟ್ಟಿದ ಅಣ್ಣ.

ಮೂರು ವರ್ಷವಾಯಿತು. ನೀನು ಸೈನ್ಯ ಬಿಟ್ಟು ಬಂದ ಹೊಸತು — ನಿಡಘಟ್ಟದಲ್ಲಿ ಬಸ್ಸಿಳಿದಾಗ ಊರವರು ಹಾರ ಹಾಕಿದ್ದರು. ಆಮೇಲೆ ಟ್ರ್ಯಾಕ್ಟರು ಢಬ್ ಎಂದರೆ ನೀನು ಗೋಡೆಗೆ ಒತ್ತಿಕೊಂಡು ಕೂರುತ್ತಿದ್ದೆ. ಜ್ವರವೆಂದು ಮಂಡ್ಯಕ್ಕೆ ಕರೆದುಕೊಂಡು ಹೋದೆ. ಡಾಕ್ಟರು ಅಂಗಿಯ ತೋಳು ಸರಿಸಿ, "ಇದೇನಾಯ್ತು?" ಎಂದರು. ನೀನು ನನ್ನ ಮುಖ ನೋಡಿದೆ. ನಿನ್ನ ತುಟಿ ಅಲುಗಿತು — ನೀನು ಹೇಳಲು ಹೊರಟಿದ್ದೆ, ಅದೂ ನನಗೆ ಗೊತ್ತು. ಅಷ್ಟರಲ್ಲಿ ನಾನೇ ಬಾಯಿ ಹಾಕಿದೆ.

"ಕಬ್ಬಿನ ಗರಿ ಕುಯ್ದಿರದು ಸಾ. ಕಬ್ಬು ಕಡೀತಾವ್ನೆ."

ನೀನು ತಲೆ ತಗ್ಗಿಸಿದೆ. ಡಾಕ್ಟರು ಮುಲಾಮು ಬರೆದುಕೊಟ್ಟರು.

ಮೂವತ್ತು ವರ್ಷ ಕಬ್ಬಿನಲ್ಲೇ ಬಿದ್ದಿರುವವನಿಗೆ ಗರಿಯ ಗೀರು ತಿಳಿಯುವುದಿಲ್ಲವೇ? ಅದು ಮುಖ, ಕತ್ತು, ಎರಡೂ ಕೈ ಯಾವುದನ್ನೂ ಬಿಡುವುದಿಲ್ಲ. ನಿನ್ನದು ಎಡಗೈ ಮಾತ್ರ, ನಿನ್ನ ಬಲಗೈಯೇ ಮಾಡಿದ ಗಾಯ. ಮಿಲ್ಟ್ರಿಯವನಿಗೆ ತಲೆ ಕೆಟ್ಟಿದೆ ಎಂದು ಊರು ಆಡಿಕೊಂಡೀತು, ಅದಕ್ಕೇ ಹೆದರಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳು. ಕೇಳಿದರೆ ನೀನು ಏನು ಹೇಳಿಬಿಡುತ್ತೀಯೋ, ಕೇಳಿಸಿಕೊಂಡ ಮೇಲೆ ನಾನು ಏನು ಮಾಡಬೇಕೋ — ಆ ಭಯ.

ಅಂದಿನಿಂದ ಬಿಸಿಲಲ್ಲೂ ತುಂಬುತೋಳಿನ ಅಂಗಿ ನಿನಗೆ ಅಭ್ಯಾಸವಾಯಿತು, ಸುಮ್ಮನಿರುವುದು ನನಗೆ. ನೀನು ಬಚ್ಚಲ ಅಗುಳಿ ಹಾಕಿದರೆ ನಾನು ಹಿತ್ತಲಲ್ಲಿ ಕೆಲಸವಿದ್ದವನಂತೆ ನಿಲ್ಲುತ್ತೇನೆ. ನೀರಿನ ಸದ್ದು ನಿಂತರೆ ಬಾಗಿಲ ಹತ್ತಿರ ಬಂದು ಕಿವಿಗೊಡುತ್ತೇನೆ. ಒಮ್ಮೆ ಹೆಸರು ಹಿಡಿದು ಕೂಗಬಾರದೇ? ಇಲ್ಲ — ದನಕ್ಕೆ ಬೈಯುತ್ತೇನೆ, ಜೋರಾಗಿ, ನೀನು ಒಳಗಿಂದ "ಯಾಕಣ್ಣ?" ಅನ್ನಲಿ ಎಂದು. ಪಾಪದ ದನ, ಮೂರು ವರ್ಷದಿಂದ ಬೈಸಿಕೊಳ್ಳುತ್ತಿದೆ.

ಮೊನ್ನೆ ಊಟಕ್ಕೆ ಕೂತಾಗ ನಿನ್ನ ಅಂಗಿಯ ತೋಳಿನಲ್ಲಿ ರಕ್ತದ ಕಲೆ ಕಂಡಿತು. ಹೇಗೋ ಧೈರ್ಯ ಮಾಡಿ "ಏನ್ಲಾ ಅದು?" ಎಂದೆ.

"ಗರಿ ಕುಯ್ತು ಕಣಣ್ಣ."

ಕಬ್ಬು ಕಡಿದು ಲೋಡು ಫ್ಯಾಕ್ಟರಿಗೆ ಹೋಗಿ ತಿಂಗಳಾಗಿದೆ. ಗದ್ದೆಯಲ್ಲಿ ಗೇಣುದ್ದ ಕೂಳೆ ಚಿಗುರು ಬಿಟ್ಟರೆ ಏನೂ ಇಲ್ಲ. ನಾನೇ ಕಲಿಸಿದ ಸುಳ್ಳನ್ನು ನೀನು ನನಗೇ ಹೇಳಿದೆ — ಅಣ್ಣ ಒಪ್ಪಿಕೊಳ್ಳುತ್ತಾನೆ ಎಂಬ ನಂಬಿಕೆಯಿಂದ. ನಾನು ಒಪ್ಪಿಕೊಂಡವನಂತೆ ಇನ್ನೊಂದು ತುತ್ತು ಮುದ್ದೆ ಮುರಿದೆ.

ಎದುರಿಗೆ ಹೇಳಲಾರದೆ ಬರೆದಿದ್ದೇನೆ. ಓದಿ ನನಗೆ ಬೈಯಿ, ನಾಲ್ಕು ಬಾರಿಸು ಬೇಕಾದರೆ. ಆಮೇಲೆ ಇವತ್ತೇ ಮಂಡ್ಯಕ್ಕೆ ಹೋಗೋಣ, ಮನಸ್ಸಿನ ಡಾಕ್ಟರ ಹತ್ತಿರ. ನನ್ನ ಭಯ ಹೋಗಿಲ್ಲ, ಅದನ್ನು ಕಟ್ಟಿಕೊಂಡೇ ಬರುತ್ತೇನೆ. ಅವರು ಕೇಳಿದಾಗ ನಿನ್ನ ಪಕ್ಕದಲ್ಲೇ ಕೂತಿರುತ್ತೇನೆ. ಎಷ್ಟು ಹೊತ್ತಾದರೂ ಸರಿ, ನಿನಗಿಂತ ಮುಂಚೆ ಬಾಯಿ ತೆರೆಯುವುದಿಲ್ಲ.